ಟೈರಿಗೆ ಗ್ಯಾಸ್ ಸಿಲಿಂಡರ್: ಕರಾವಳಿಯ ಬಿಸಿಲಿಗೆ ಲೆಕ್ಕವೇ ಬೇರೆ

ಸಂಪಾದಕರಿಗೆ,

ಮಾನ್ಯರೇ,

ಬೆಳ್ತಂಗಡಿ, ಕಾರ್ಕಳ, ಹೆಬ್ರಿ ಕಡೆಯ ಕೆಸರು ದಾರಿಗಳಲ್ಲಿ ಥಾರ್, ಜಿಮ್ನಿ, ಹಳೆಯ ಜಿಪ್ಸಿ ಓಡಿಸುವವರು ದಾರಿಗೆ ಇಳಿಯುವ ಮೊದಲು, ಹಿಡಿತ ಹೆಚ್ಚಲೆಂದು ಟೈರಿನ ಗಾಳಿ ಇಳಿಸುತ್ತಾರೆ. ವಾಪಸು ಡಾಂಬರು ರಸ್ತೆಗೆ ಬಂದಾಗ ಮತ್ತೆ ತುಂಬಲೇಬೇಕು. 16 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಮಾತ್ರ ಇರುವ ಟೈರಿನಲ್ಲಿ ಹೆದ್ದಾರಿಯ ವೇಗದಲ್ಲಿ ಮಂಗಳೂರಿಗೆ ಹೊರಟರೆ ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಬಿಸಿಯೇರುತ್ತದೆ, ಒಳಗಿನ ನೂಲು ಬಿಡುತ್ತದೆ, ಕೊನೆಗೆ ಟೈರ್ ಒಡೆಯುತ್ತದೆ. ಹತ್ತಿರದಲ್ಲಿ ಪೆಟ್ರೋಲ್ ಬಂಕ್ ಇರುವುದಿಲ್ಲ. ಹಾಗಾಗಿ ಕೆಲವರು 12 ವೋಲ್ಟಿನ ಕಂಪ್ರೆಸರ್ ಬಿಟ್ಟು ಡಿಕ್ಕಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಟ್ಟುಕೊಳ್ಳುತ್ತಿದ್ದಾರೆ. ಪದ್ಧತಿ ಒಳ್ಳೆಯದೇ. ಆದರೆ ಚಳಿ ದೇಶದವರ ವಿಡಿಯೊ ನೋಡಿ ಹಾಗೆಯೇ ಮಾಡಿದರೆ ನಮ್ಮ ಊರಿನ ಸೆಕೆಯಲ್ಲಿ ಜೀವಕ್ಕೇ ಕುತ್ತು. ಅದನ್ನು ವಿವರವಾಗಿ ತಿಳಿಸಲೆಂದೇ ಈ ಪತ್ರ.

ಮೊದಲು ಅನುಕೂಲದ ಮಾತು. ಅಗ್ಗದ ಕಂಪ್ರೆಸರ್ ನಾಲ್ಕು ಟೈರಿಗೆ ಅರ್ಧ ಗಂಟೆ ತಿನ್ನುತ್ತದೆ, ನಡುವೆ ಬಿಸಿಯೇರಿ ನಿಂತುಬಿಡುತ್ತದೆ. ಸಿಲಿಂಡರಿನಲ್ಲಿ ಒಂದು ಟೈರಿಗೆ ಒಂದು ನಿಮಿಷ ಚಿಲ್ಲರೆ ಸಾಕು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನೊಳಗೆ ದ್ರವವಾಗಿರುತ್ತದೆ. ಒಂದು ಕಿಲೋ ದ್ರವ ಹೊರಗೆ ಬಂದರೆ ಸುಮಾರು 550 ಲೀಟರ್ ಅನಿಲ. ದೊಡ್ಡ ಗಾಡಿಯ 255/65 ಆರ್18 ಅಳತೆಯ ಟೈರಿನ ಒಳಗೆ ಹೆಚ್ಚುಕಡಿಮೆ 70 ಲೀಟರ್ ಜಾಗವಿದೆ. ಅದನ್ನು 16ರಿಂದ 32 ಪಿಎಸ್‌ಐಗೆ ಏರಿಸಲು 77 ಲೀಟರಿನಷ್ಟು ಅನಿಲ ಬೇಕು, ಅಂದರೆ 140 ಗ್ರಾಂ. ಹೋಸ್ ಜೋಡಿಸಿ ಬಿಡಿಸುವಾಗ ಸೋರಿ ಹೋಗುವುದೂ ಸೇರಿ ನಾಲ್ಕು ಟೈರಿಗೆ 600 ಗ್ರಾಂ ಎಂದು ಹಿಡಿಯಿರಿ. ಜಿಮ್ನಿಯ ಸಣ್ಣ ಟೈರಿಗಾದರೆ ನಾಲ್ಕಕ್ಕೂ 400 ಗ್ರಾಂ ಸಾಕು. 4.5 ಕಿಲೋ ಹಿಡಿಸುವ ಸಿಲಿಂಡರ್ ದೊಡ್ಡ ಗಾಡಿಗೂ ಆರೇಳು ಸಲಕ್ಕೆ ಬರುತ್ತದೆ.

ಈಗ ಬಿಸಿಯ ವಿಚಾರ. ಕಾರ್ಬನ್ ಡೈಆಕ್ಸೈಡ್ 20 ಡಿಗ್ರಿಯಲ್ಲಿ ಸುಮಾರು 57 ಬಾರ್ (ಒಂದು ಬಾರ್ ಎಂದರೆ ಸುಮಾರು 14.5 ಪಿಎಸ್‌ಐ) ಒತ್ತಡದಲ್ಲಿರುತ್ತದೆ, 30 ಡಿಗ್ರಿಯಲ್ಲಿ 72 ಬಾರ್. 31 ಡಿಗ್ರಿ ದಾಟಿದರೆ ಅದಕ್ಕೆ ದ್ರವವಾಗಿ ಉಳಿಯಲು ಸಾಧ್ಯವೇ ಇಲ್ಲ. ಆಮೇಲೆ ಒತ್ತಡ ಎಷ್ಟು ಏರುತ್ತದೆ ಎಂಬುದು ನೀವು ಎಷ್ಟು ತುಂಬಿಸಿದ್ದೀರಿ ಎಂಬುದರ ಮೇಲೆ ನಿಂತಿದೆ. ಚಳಿ ದೇಶದಲ್ಲಿ ಈ 31 ಡಿಗ್ರಿ ಅಪರೂಪ. ಮಂಗಳೂರಿನಲ್ಲಿ ವರ್ಷದ ಹೆಚ್ಚಿನ ಮಧ್ಯಾಹ್ನಗಳು ಅದರ ಆಸುಪಾಸಿನಲ್ಲೇ ಇರುತ್ತವೆ, ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿ ಗಾಜು ಏರಿಸಿದ ಗಾಡಿಯ ಒಳಗೆ 60 ಡಿಗ್ರಿಯೂ ಆಗುತ್ತದೆ. ಸರಿಯಾಗಿ ತುಂಬಿದ ಸಿಲಿಂಡರಿನಲ್ಲೂ ಆಗ ಒತ್ತಡ ಎರಡು ಪಟ್ಟಿಗಿಂತ ಹೆಚ್ಚು. ಅಳತೆ ಮೀರಿ ತುಂಬಿದ್ದರೆ ಹಿಗ್ಗಲು ಜಾಗವೇ ಇಲ್ಲದೆ ಒಂದೊಂದು ಡಿಗ್ರಿಗೂ ಒತ್ತಡ ಹಲವು ಬಾರ್ ಜಿಗಿಯುತ್ತದೆ.

ಆದ್ದರಿಂದ ತುಂಬಿಸುವುದು ತೂಕದಲ್ಲಿ, ಗೇಜ್ ನೋಡಿ ಅಲ್ಲ. ಗೇಜಿನ ಮುಳ್ಳು ಇಲ್ಲಿ ಮೋಸ ಮಾಡುತ್ತದೆ: ತಣ್ಣನೆಯ ಬೆಳಿಗ್ಗೆ ಸಿಲಿಂಡರ್ ಭರ್ತಿ ಇದ್ದರೂ, ತಳದಲ್ಲಿ ಒಂದು ಲೋಟ ದ್ರವ ಮಾತ್ರ ಉಳಿದಿದ್ದರೂ ಅದು ತೋರಿಸುವುದು ಒಂದೇ ಅಂಕಿ. ಸಿಲಿಂಡರಿನ ಭುಜದ ಮೇಲೆ ಖಾಲಿ ತೂಕ, ನೀರಿನ ಅಳತೆ (ಒಳಗೆ ಎಷ್ಟು ಲೀಟರ್ ನೀರು ಹಿಡಿಸುತ್ತದೆ ಎಂಬ ಅಂಕಿ), ಪರೀಕ್ಷೆಯ ತಿಂಗಳು-ವರ್ಷ ಕೊರೆದಿರುತ್ತದೆ. ನೀರಿನ ಅಳತೆಯ ಪ್ರತಿ ಲೀಟರಿಗೆ ಮೂರನೇ ಎರಡು ಕಿಲೋ, ಅಂದರೆ 6.75 ಲೀಟರಿನ ಸಿಲಿಂಡರಿಗೆ 4.5 ಕಿಲೋ, ಅದಕ್ಕಿಂತ ಒಂದು ಹಿಡಿಯೂ ಹೆಚ್ಚು ಬೇಡ. ಮೀನು ತೂಗುವ ನೇತಾಡುವ ತಕ್ಕಡಿ ಒಂದು ಮನೆಯಲ್ಲಿದ್ದರೆ ಸಾಕು. ತುಂಬಿಸಿ ತಂದಾಗ ಒಮ್ಮೆ, ಪ್ರತಿ ಪ್ರಯಾಣದ ಮುನ್ನ ಒಮ್ಮೆ ರೆಗ್ಯುಲೇಟರ್ ಬಿಚ್ಚಿ ತೂಗಿರಿ. ನೀರೊತ್ತಡದ ಪರೀಕ್ಷೆ (ಒಳಗೆ ನೀರು ಒತ್ತಿ ಸಿಲಿಂಡರ್ ಗಟ್ಟಿಯಿದೆಯೇ ಎಂದು ನೋಡುವುದು) ಐದು ವರ್ಷಕ್ಕೊಮ್ಮೆ ಆಗಬೇಕು. ಉಪ್ಪುಗಾಳಿಗೆ ಸಿಲಿಂಡರಿನ ತಳ ಬೇಗ ತುಕ್ಕು ಹಿಡಿಯುತ್ತದೆ, ರಬ್ಬರ್ ಬೂಟು ಹಾಕಿದ್ದರೆ ಅದನ್ನು ಕಳಚಿ ನೋಡಬೇಕು. ಬಣ್ಣ ಬಳಿದು ತುಕ್ಕು ಮುಚ್ಚಿದ್ದನ್ನು ಕೊಳ್ಳಲೇಬೇಡಿ.

ಗುಜರಿಯಲ್ಲಿ ಸಿಗುವ ಬೆಂಕಿ ಆರಿಸುವ ಸಿಲಿಂಡರನ್ನು ಇದಕ್ಕೆ ಬಳಸುವುದು ದೊಡ್ಡ ತಪ್ಪು. ಅದರೊಳಗೆ ವಾಲ್ವಿನಿಂದ ತಳದವರೆಗೆ ಒಂದು ಕೊಳವೆ ಇರುತ್ತದೆ, ಆದ್ದರಿಂದ ನೆಟ್ಟಗೆ ನಿಲ್ಲಿಸಿದರೂ ಅನಿಲದ ಬದಲು ದ್ರವವೇ ನುಗ್ಗಿ ಬರುತ್ತದೆ. ಹೊರಬಂದ ಕೂಡಲೇ ಅದು ಮೈನಸ್ 78 ಡಿಗ್ರಿಯ ಒಣ ಹಿಮವಾಗಿ ರೆಗ್ಯುಲೇಟರಿನ ಬಾಯಿ ಕಟ್ಟುತ್ತದೆ. ಕಟ್ಟಿದ ಹಿಮ ಕರಗಿದಾಗ ಹೋಸಿನೊಳಗೆ ಸಿಕ್ಕಿಬಿದ್ದ ಒತ್ತಡ ಎಲ್ಲಿಗೆ ಹೋಗಬೇಕು? ಇದಕ್ಕಿಂತಲೂ ಕೆಟ್ಟದ್ದು, ದಕ್ಕೆಯಲ್ಲಿ ಗ್ಯಾಸ್ ಕಟಿಂಗಿಗೆ ಬಳಸುವ ಆಕ್ಸಿಜನ್ ಸಿಲಿಂಡರ್. ಒತ್ತಡದ ಆಕ್ಸಿಜನ್‌ಗೆ ಎಣ್ಣೆ, ಗ್ರೀಸಿನ ಪಸೆ ತಗುಲಿದರೆ ಕಿಡಿ ಇಲ್ಲದೆಯೂ ಹೊತ್ತಿಕೊಳ್ಳುತ್ತದೆ. ಬಂಕಿನ ಗಾಳಿಯ ಜೊತೆ ಟೈರಿನೊಳಗೆ ಬಂದ ಎಣ್ಣೆ ಅಲ್ಲಿ ಇದ್ದೇ ಇರುತ್ತದೆ. ಸಿಲಿಂಡರಿನ ಬಣ್ಣ ನಂಬಿ ಕೂರಬೇಡಿ, ಮೇಲೆ ಬರೆದ ಹೆಸರು ಓದಿ.

ರೆಗ್ಯುಲೇಟರ್ ಇಲ್ಲದೆ ಸಿಲಿಂಡರಿನಿಂದ ಟೈರಿಗೆ ನೇರ ಹೋಸ್ ಜೋಡಿಸುವ ಯೋಚನೆಯೇ ಬೇಡ. ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ, ನಿಮಿಷಕ್ಕೆ ಇಷ್ಟು ಲೀಟರ್ ಎಂದು ಅಳೆಯುವ ರೆಗ್ಯುಲೇಟರ್ ಈ ಕೆಲಸಕ್ಕೆ ಬಲು ನಿಧಾನ: 25 ಲೀಟರಿನಂತೆ ಬಿಟ್ಟರೆ ಒಂದು ಟೈರಿಗೆ ಮೂರು ನಿಮಿಷ. ಒತ್ತಡ ಹೊಂದಿಸುವ, ಸೇಫ್ಟಿ ವಾಲ್ವ್ ಇರುವ ರೆಗ್ಯುಲೇಟರ್ ತೆಗೆದುಕೊಂಡು 8 ಬಾರ್ ಒತ್ತಡಕ್ಕೆ ಹೊಂದಿಸಿ. ಹೋಸ್ 20 ಬಾರ್ ತಡೆಯುವಂಥದ್ದಾಗಿರಲಿ. ವಾಲ್ವ್ ಮತ್ತು ರೆಗ್ಯುಲೇಟರ್ ನಡುವಿನ ವಾಷರ್ ಸವೆದರೆ ಸೋರುತ್ತದೆ, ಎರಡು ಹೆಚ್ಚುವರಿ ಜೇಬಿನಲ್ಲಿರಲಿ. ಜೋಡಿಸಿದ ಮೇಲೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ.

ತುಂಬುವಾಗ ಸಿಲಿಂಡರ್ ನೆಟ್ಟಗೆ ನಿಂತಿರಬೇಕು. ಅದಕ್ಕೂ ಮೊದಲು ಟೈರಿನ ಅಂಚು ರಿಮ್ಮಿನ ಸುತ್ತ ಸಮವಾಗಿ ಕೂತಿದೆಯೇ, ನಡುವೆ ಕಲ್ಲು ಮಣ್ಣು ಸಿಕ್ಕಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ. ಟೈರಿನ ಪಕ್ಕದ ಗೋಡೆಗೆ ಮುಖ ಕೊಟ್ಟು ಕೂರದೆ ಓರೆಗೆ ನಿಂತು, ಹತ್ತು ಹದಿನೈದು ಸೆಕೆಂಡ್ ಬಿಟ್ಟು, ನಿಲ್ಲಿಸಿ, ಬೇರೆ ಗೇಜಿನಲ್ಲಿ ಅಳೆದು ಮತ್ತೆ ಬಿಡಿ. ಎರಡನೇ ಟೈರ್ ಮುಗಿಯುವಷ್ಟರಲ್ಲಿ ವಾಲ್ವಿನ ಕತ್ತಿನ ಮೇಲೆ ಮೊದಲು ನೀರಹನಿ ಮೂಡುತ್ತದೆ, ಆಮೇಲೆ ಬಿಳಿ ಪುಡಿಯಂತೆ ಹಿಮ ಕೂರುತ್ತದೆ. ದ್ರವ ಅನಿಲವಾಗುವಾಗ ಸಿಲಿಂಡರಿನ ಶಾಖವನ್ನೇ ಹೀರುವುದರಿಂದ ಹೀಗಾಗುತ್ತದೆ. ಒತ್ತಡವೂ ಕುಗ್ಗಿ ಸದ್ದು ಸಣ್ಣದಾಗುತ್ತದೆ. ಅದು ಕೆಟ್ಟಿದ್ದಲ್ಲ, ಐದು ನಿಮಿಷ ಬಿಟ್ಟರೆ ಸರಿಹೋಗುತ್ತದೆ. ಬಿಸಿನೀರು ಸುರಿಯಬೇಡಿ, ಬೆಂಕಿ ತೋರಿಸಬೇಡಿ. ಹೋಸಿನ ತುದಿಯಿಂದ ಬಿಳಿ ಚೂರುಗಳು ಹಾರಿದರೆ ಮಾತ್ರ ದ್ರವ ಬರುತ್ತಿದೆ ಎಂದರ್ಥ, ತಕ್ಷಣ ವಾಲ್ವ್ ಮುಚ್ಚಿ. ಬರಿಗೈ ಒಡ್ಡಿದರೆ ಚರ್ಮ ಸುಟ್ಟಂತೆ ಬೊಬ್ಬೆ ಏಳುತ್ತದೆ. ದಪ್ಪ ಗವಸು ಬೇಕು.

ಗಾಡಿಯೊಳಗೆ ಒಯ್ಯುವುದು ಈ ಇಡೀ ವಿಷಯದಲ್ಲಿ ಅತಿ ಅಪಾಯದ ಭಾಗ. ಈ ಅನಿಲಕ್ಕೆ ವಾಸನೆಯಿಲ್ಲ, ಗಾಳಿಗಿಂತ ಒಂದೂವರೆ ಪಟ್ಟು ಭಾರ, ಗಾಡಿಯ ಕೆಳಭಾಗದಲ್ಲಿ ತಂಗುತ್ತದೆ. ಗಾಡಿಯ ಒಳಜಾಗ ಮೂರೂವರೆ ಸಾವಿರ ಲೀಟರ್ ಎಂದುಕೊಂಡರೂ ಒಂದೇ ಕಿಲೋ ಸೋರಿದರೆ ಒಳಗಿನ ಗಾಳಿಯಲ್ಲಿ ಅದರ ಪಾಲು ಶೇ 10 ದಾಟುತ್ತದೆ. ಆ ಮಟ್ಟದಲ್ಲಿ ನಿಮಿಷಗಳಲ್ಲೇ ಪ್ರಜ್ಞೆ ತಪ್ಪುತ್ತದೆ. ಬಿಸಿಗೆ ವಾಲ್ವಿನ ಸೇಫ್ಟಿ ಡಿಸ್ಕ್ (ಒತ್ತಡ ಮಿತಿ ಮೀರಿದಾಗ ಒಡೆಯುವ ತೆಳು ಬಿಲ್ಲೆ) ಒಡೆದರಂತೂ ಇಡೀ ಸಿಲಿಂಡರ್ ಒಳಗೇ ಖಾಲಿಯಾಗುತ್ತದೆ. ಎಸಿ ಹಾಕಿ ಗಾಜು ಏರಿಸಿ, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿ, ಅದರ ಹಿಂದೆ ಸಿಲಿಂಡರ್ ಮಲಗಿಸಿ ಹೋಗುವುದನ್ನು ದಯವಿಟ್ಟು ಬಿಡಿ. ತೆರೆದ ಜೀಪಿನಲ್ಲಿ ಅಥವಾ ಪಿಕಪ್ಪಿನ ಹಿಂಭಾಗದಲ್ಲಿ, ನೆರಳಿನಲ್ಲಿ, ಎರಡು ಪಟ್ಟಿ ಬಿಗಿದು, ರೆಗ್ಯುಲೇಟರ್ ಬಿಚ್ಚಿ ವಾಲ್ವಿಗೆ ಕವಚ ಹಾಕಿ ಒಯ್ಯಬೇಕು. ಮುಚ್ಚಿದ ಗಾಡಿ ಇರುವವರಿಗೆ ಒಳ್ಳೆಯ ಕಂಪ್ರೆಸರೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮನೆಗೆ ಬಂದ ಮೇಲೆ ಸಿಲಿಂಡರನ್ನು ಗಾಡಿಯಲ್ಲೇ ಬಿಡಬೇಡಿ.

ಇನ್ನೊಂದು ಸಣ್ಣ ಮಾತು: ಕಾರ್ಬನ್ ಡೈಆಕ್ಸೈಡ್ ರಬ್ಬರಿನ ಮೂಲಕ ಗಾಳಿಗಿಂತ ಬೇಗ ಸೋರುತ್ತದೆ. ತುಂಬಿದ ಕೂಡಲೇ ತಣ್ಣಗಿರುವುದರಿಂದ ಗೇಜ್ ಸ್ವಲ್ಪ ಕಡಿಮೆ ತೋರಿಸಿ ಆಮೇಲೆ ಏರುತ್ತದೆ, ದಿನ ಕಳೆದಂತೆ ಇಳಿಯುತ್ತದೆ. ಮರುದಿನ ಬಂಕಿನಲ್ಲಿ ಅಳೆಸಿ, ಬೇಕಿದ್ದಷ್ಟು ಗಾಳಿ ಹಾಕಿಸಿ.

ಮಲ್ಪೆ, ಸಸಿಹಿತ್ಲು ಕಡೆಯ ಮರಳಿಗೆ ಗಾಡಿ ಇಳಿಸುವವರಿಗೂ ಈ ಲೆಕ್ಕವೆಲ್ಲ ಅನ್ವಯಿಸುತ್ತದೆ. ಆದರೆ ಕಡಲಾಮೆ ಮೊಟ್ಟೆಯಿಡುವ ದಂಡೆಗೆ ಗಾಡಿ ಇಳಿಸುವುದೇ ಬೇಡ.

ಜಿಲ್ಲೆಯ ಗ್ಯಾಸ್ ಏಜೆನ್ಸಿಗಳಿಗೆ ನಮ್ಮ ವಿನಂತಿ: ಗಿರಾಕಿಯ ಎದುರೇ ಖಾಲಿ ಮತ್ತು ಭರ್ತಿ ತೂಕ ತೂಗಿ ಬಿಲ್ಲಿನಲ್ಲಿ ಬರೆದುಕೊಡಿ, ಪರೀಕ್ಷೆಯ ಅವಧಿ ಮೀರಿದ್ದನ್ನು ಗಿರಾಕಿ ಎಷ್ಟೇ ಒತ್ತಾಯಿಸಿದರೂ ತುಂಬಬೇಡಿ. ಆಫ್‌ರೋಡ್ ಕೂಟ ನಡೆಸುವವರು ಹೊರಡುವ ಮುಂಚೆ ಬ್ರೇಕು, ಹಗ್ಗ ನೋಡುವಂತೆಯೇ ಪ್ರತಿ ಸಿಲಿಂಡರಿನ ಭುಜದ ಮೇಲಿನ ತಾರೀಕನ್ನೂ ಓದಲಿ, ತಕ್ಕಡಿಗೆ ತೂಗುಹಾಕಿ ನೋಡಲಿ.

– ಜೀಪು ಓಡಿಸುವ ಕೆಲವು ಓದುಗರು, ಮಂಗಳೂರು