ಅಂಗಳದ ನೀರಿಗೆ ದಾರಿ ಬೇಕು

ಮಾನ್ಯರೇ,

ಮಡಿಕೇರಿ ಸುತ್ತಮುತ್ತಲಿನ ಹೊಸ ಮನೆಗಳ ಅಂಗಳದಲ್ಲಿ ನೀರು ನಿಲ್ಲುವುದಕ್ಕೆ ಮಳೆಯನ್ನಷ್ಟೇ ದೂರುವುದು ಸರಿಯಲ್ಲ. ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕಡಿದು ನಿವೇಶನ ಸಮತಟ್ಟು ಮಾಡುವಾಗ ಜೆಸಿಬಿಯ ಓಡಾಟಕ್ಕೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದು ಕಡಿಮೆಯಾಗುತ್ತದೆ. ಅದರ ಮೇಲೆ ಇಂಟರ್‌ಲಾಕ್ ಇಟ್ಟಿಗೆ ಹಾಸಿ, ಸೂರಿನ ನೀರನ್ನೂ ಅಲ್ಲಿಗೇ ಬಿಟ್ಟರೆ ಗೋಡೆಯ ಬುಡದಲ್ಲಿ ಪಾಚಿ ಕಟ್ಟದೆ ಇನ್ನೇನಾದೀತು?

ಅಂಗಳವು ಮನೆಯಿಂದ ಹೊರಕ್ಕೆ 10 ಅಡಿಗೆ 2ರಿಂದ 3 ಇಂಚಿನಷ್ಟಾದರೂ ಇಳಿಜಾರಾಗಿರಬೇಕು. ಬರೆಯಿಂದ ಒಸರುವ ನೀರಿಗೆ ಇಷ್ಟು ಸಾಲದು. ಬರೆಗೂ ಮನೆಗೂ ನಡುವೆ (ಬರೆಯ ಬುಡವನ್ನೇ ಅಗೆಯಬಾರದು) ಬಸಿಗಾಲುವೆ ತೋಡಿ, ತೂತುಗಳಿರುವ ಪಿವಿಸಿ ಪೈಪನ್ನು ಇಳಿಜಾರಿಗೆ ಹೂಡಿ, ಸುತ್ತ ಜಲ್ಲಿ ತುಂಬಿ, ಮಣ್ಣು ಸೇರದಂತೆ ಜಿಯೋಟೆಕ್ಸ್‌ಟೈಲ್ (ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಬಟ್ಟೆ) ಹೊದಿಸಿದರೆ ನೀರು ಸರಾಗವಾಗಿ ಹೊರಹೋಗುತ್ತದೆ.

ಬಯಲುಸೀಮೆಯವರಿಗೆ ಹೇಳುವ ಇಂಗುಗುಂಡಿಯ ಸಲಹೆಯನ್ನು ಇಲ್ಲಿ ಕಣ್ಣುಮುಚ್ಚಿ ಪಾಲಿಸಬಾರದು. ಕಡಿದ ಬರೆಯ ನೆತ್ತಿಯಲ್ಲಿ ನೀರು ಇಂಗಿಸಿದರೆ ಮಣ್ಣಿನ ಭಾರ ಹೆಚ್ಚಿ, ಹಿಡಿತ ಸಡಿಲವಾಗುತ್ತದೆ. 2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗೆಂದು ಕೆಳಗಿನ ಮನೆಯವರ ಅಂಗಳಕ್ಕೆ ಪೈಪು ತಿರುಗಿಸುವುದೂ ಪರಿಹಾರವಲ್ಲ. ಮನೆ ನಕ್ಷೆಗೆ ಒಪ್ಪಿಗೆ ನೀಡುವಾಗಲೇ ಮಳೆನೀರು ಯಾವ ಚರಂಡಿಗೆ ಸೇರುತ್ತದೆ ಎಂಬುದನ್ನು ಸ್ಥಳೀಯ ಸಂಸ್ಥೆಗಳು ಕಡ್ಡಾಯವಾಗಿ ಪರಿಶೀಲಿಸಲಿ.

– ಓರ್ವ ಓದುಗ, ಮಡಿಕೇರಿ