ಕೇಬಲ್ ಹೂತರೆ ಸಾಲದು, ರಿಪೇರಿಗೂ ದುಡ್ಡಿಡಿ

ಮಾನ್ಯ ಸಂಪಾದಕರೇ,

ನಮ್ಮ ಪಂಚಾಯ್ತಿ ಕಚೇರಿಯ ಗೋಡೆಗೆ ಇಂಟರ್ನೆಟ್ ಪೆಟ್ಟಿಗೆ ಹೊಡೆದು ವರ್ಷಗಳೇ ಆದವು. ಹೊಸದರಲ್ಲಿ ಹಸಿರು ದೀಪ ಮಿನುಗುತ್ತಿತ್ತು. ಆಮೇಲೆ ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಎಲ್ಲೋ ಕೇಬಲ್ ಕಿತ್ತು ಹಾಕಿತು, ಅಲ್ಲಿಗೆ ಮುಗಿಯಿತು. ಈಗ ಅದರ ಹಿಂದೆ ಹಲ್ಲಿ ಸಂಸಾರ ಹೂಡಿದೆ.

ಹೋದ ವಾರ ಪಹಣಿ ತೆಗೆಸಲು ಹೋಗಿದ್ದೆ. ಆಪರೇಟರ್ ಹುಡುಗ ತನ್ನ ಮೊಬೈಲನ್ನು ಕಿಟಕಿಯ ಸರಳಿಗೆ ಕಟ್ಟಿ, ಅದರ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುತ್ತಿದ್ದ. ರೀಚಾರ್ಜ್ ದುಡ್ಡು ಅವನದ್ದೇ! ರೇಷನ್ ದಿನ ಇನ್ನೂ ಕಷ್ಟ. ಹೆಬ್ಬೆಟ್ಟು ಒತ್ತಲು ಬಂದ ಅಜ್ಜಿಯರು ಕೂಲಿ ಬಿಟ್ಟು ಮಧ್ಯಾಹ್ನದವರೆಗೆ 'ಸರ್ವರ್' ಬರಲಿ ಅಂತ ಕಟ್ಟೆ ಮೇಲೆ ಕೂತಿರುತ್ತಾರೆ.

ದುಡ್ಡಿಲ್ಲ ಅಂತಲ್ಲ. ಮೊಬೈಲ್ ಕಂಪನಿಗಳು ಲೆಕ್ಕಕ್ಕೆ ಬರುವ ಆದಾಯದಲ್ಲಿ ನೂರಕ್ಕೆ 5 ರೂಪಾಯಿಯನ್ನು ಹಳ್ಳಿಗಳ ಸಂಪರ್ಕಕ್ಕೆ ಅಂತಲೇ ಕಟ್ಟುತ್ತವೆ. ಅಂದರೆ ನಮ್ಮ ರೀಚಾರ್ಜ್‌ನದ್ದೇ ಒಂದು ಪಾಲು, ಅಲ್ವಾ? ಪಂಚಾಯ್ತಿಗಳಿಗೆ ಇಂಟರ್ನೆಟ್‌ನ ಫೈಬರ್ ಕೇಬಲ್ ಎಳೆಯುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯಿತು. 2020ರ ಸ್ವಾತಂತ್ರ್ಯ ದಿನ ಪ್ರಧಾನಿಯವರು 1000 ದಿನಗಳಲ್ಲಿ 6 ಲಕ್ಷ ಹಳ್ಳಿಗೂ ಫೈಬರ್ ಅಂದರು. ಆ ದಿನಗಳು 2023ರ ಮೇ ತಿಂಗಳಿಗೇ ಮುಗಿದವು. ಅದೇ ವರ್ಷ ಆಗಸ್ಟ್‌ನಲ್ಲಿ ಈ ಯೋಜನೆಗೆ ಮತ್ತೆ 1,39,579 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿತು. ಸೊನ್ನೆ ಎಣಿಸಲು ನನಗೆ ಆಗುವುದಿಲ್ಲ, ಬಿಡಿ.

ಈ ಸಲದ ಯೋಜನೆಯಲ್ಲಿ ಎರಡು ಒಳ್ಳೆಯ ಮಾತಿವೆ. ಕೇಬಲನ್ನು ಬಳೆಯ ಹಾಗೆ ಸುತ್ತಾಗಿ ಎಳೆಯುವುದು ಒಂದು. ಒಂದು ಕಡೆ ಕತ್ತರಿಸಿದರೂ ಇನ್ನೊಂದು ಕಡೆಯಿಂದ ನೆಟ್ ಬರುತ್ತದೆ. ಗುತ್ತಿಗೆ ಹಿಡಿದವರೇ 10 ವರ್ಷ ನೋಡಿಕೊಳ್ಳಬೇಕು ಅನ್ನುವುದು ಇನ್ನೊಂದು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಜಗಳೂರಿನ ಕಡೆಯವರಾದ ನಮಗೆ ಬೋರ್‌ವೆಲ್‌ನ ಅನುಭವ ಜಾಸ್ತಿ. ಕೊರೆದವನು ಮೋಟರ್ ಸುಟ್ಟಾಗ ತಿರುಗಿಯೂ ನೋಡುವುದಿಲ್ಲ. ಅದಕ್ಕೇ ಹೋಬಳಿಗೊಬ್ಬ ರೀವೈಂಡಿಂಗ್ ಮಾಡುವವನು ಇರುತ್ತಾನೆ, ಅವನಿಂದಲೇ ಬೆಳೆ ಉಳಿಯುತ್ತದೆ. ಫೈಬರ್ ಕೂದಲೆಳೆಯಂಥ ಗಾಜು, ಕರೆಂಟ್ ವೈರಿನ ಹಾಗೆ ಹೆಣೆದು ಟೇಪ್ ಸುತ್ತಿದರೆ ನಡೆಯುವುದಿಲ್ಲ. ತುದಿಗಳನ್ನು ಕಾಯಿಸಿ ಬೆಸೆಯುವ ಮೆಷಿನ್ ಬೇಕು, ಅದು ಗೊತ್ತಿರುವ ಹುಡುಗ ಬೇಕು. ಅವನು ಬೇರೆ ಜಿಲ್ಲೆಯಿಂದ ಬರುವುದಾದರೆ ನಮ್ಮ ಪೆಟ್ಟಿಗೆ ಹಲ್ಲಿಗೇ ಸರಿ. ನಮ್ಮಲ್ಲಿ ಐಟಿಐ ಓದಿ ಸುಮ್ನೆ ಕೂತ ಹುಡುಗರು ಬೇಕಾದಷ್ಟಿದ್ದಾರೆ. ತಾಲ್ಲೂಕಿಗೆ ನಾಲ್ಕು ಜನರಿಗೆ ಕೆಲಸ ಕಲಿಸಿ, ಮೆಷಿನ್ ಕೊಟ್ಟು, ಸಂಬಳ ಕೊಡಿ.

ಗುತ್ತಿಗೆದಾರರಿಗೂ ಎಷ್ಟು ಕಿಲೋಮೀಟರ್ ಹೂತರು ಅಂತ ನೋಡಿ ಬಿಲ್ ಪಾಸ್ ಮಾಡಬೇಡಿ. ತಿಂಗಳಲ್ಲಿ ಎಷ್ಟು ದಿನ ನೆಟ್ ಓಡಿತು ಅಂತ ಪಂಚಾಯ್ತಿಯವರೇ ಬರೆದುಕೊಡಲಿ, ಅದರ ಮೇಲೆ ದುಡ್ಡು ಕೊಡಿ. ಜೊತೆಗೆ ಗುತ್ತಿಗೆದಾರರ ಫೋನ್ ನಂಬರನ್ನು ಪಂಚಾಯ್ತಿ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ. ಫಲಾನುಭವಿಗಳ ಪಟ್ಟಿ ಬರೆದ ಜಾಗದ ಪಕ್ಕದಲ್ಲಿ ಇನ್ನೂ ಒಂದು ಮೊಳ ಖಾಲಿ ಇದೆ.

ಒಬ್ಬ ರೈತ, ಜಗಳೂರು ತಾಲ್ಲೂಕು, ದಾವಣಗೆರೆ ಜಿಲ್ಲೆ