ಮೊದಲು ಗಂಡ ಟೆಸ್ಟ್ ಮಾಡಿಸಲಿ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಅಂಗೈ ಅಗಲದ ಒಂದು ಜಾಹೀರಾತು ಇತ್ತು. ಮಕ್ಕಳಾಗದವರಿಗೆ ಗಿಡಮೂಲಿಕೆ ಪುಡಿ, ಪೂರ್ತಿ ನೈಸರ್ಗಿಕ, ಮೂರು ತಿಂಗಳಲ್ಲಿ ಫಲ ಗ್ಯಾರಂಟಿ. ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಹೆಂಗಸಿನ ಫೋಟೋ. ಗಂಡನ ಫೋಟೋ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಪುಡಿಗಿಂತ ಜಾಸ್ತಿ ಆ ಫೋಟೋ ನೋಡಿ. ಯಾಕಂದ್ರೆ ಮೂರು ವರ್ಷ ನಮ್ಮ ಮನೆಯಲ್ಲೂ ಹಾಗೇ ಇತ್ತು. ತಲೆ ತಗ್ಗಿಸಿದವಳು ನನ್ನ ಹೆಂಡತಿ, ಫೋಟೋದಲ್ಲಿ ಇಲ್ಲದವನು ನಾನು.

ನಾನು ಕೊಡಗಿನ ಸುಂಟಿಕೊಪ್ಪ ಕಡೆಯ ಸಣ್ಣ ಕಾಫಿ ಬೆಳೆಗಾರ. ಮದುವೆಯಾಗಿ ವರ್ಷ ತುಂಬುವ ಹೊತ್ತಿಗೆ ನೆಂಟರ ಮನೆಗಳಲ್ಲಿ "ಏನಾದ್ರೂ ವಿಶೇಷ ಇದೆಯಾ?" ಶುರುವಾಯಿತು. ಕೇಳುತ್ತಿದ್ದದ್ದು ಅವಳನ್ನು. ನನ್ನನ್ನು ಕೇಳುತ್ತಿದ್ದದ್ದು ಕರಿಮೆಣಸಿನ ರೇಟು. ಕುಕ್ಕೆಗೆ ಹೋಗಿ ಆಶ್ಲೇಷ ಬಲಿ ಮಾಡಿಸಿದೆವು, ಅದರ ಬಗ್ಗೆ ನನಗೆ ತಕರಾರಿಲ್ಲ, ಮನಸ್ಸಿಗೆ ಸಮಾಧಾನ ಸಿಕ್ಕಿತು. ಆಮೇಲೆ ಮೈಸೂರಿನ ಆಸ್ಪತ್ರೆ. ಅವಳಿಗೆ ರಕ್ತ ಪರೀಕ್ಷೆ, ಥೈರಾಯ್ಡ್, ಸ್ಕ್ಯಾನಿಂಗ್ ಮೇಲೆ ಸ್ಕ್ಯಾನಿಂಗ್, ಗರ್ಭನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇ ತೆಗೆಯುವ ಪರೀಕ್ಷೆ, ಅದು ಎಷ್ಟು ನೋವು ಅಂತ ವಾಪಸ್ ಬರುವಾಗ ಬಸ್ಸಿನಲ್ಲಿ ಅವಳ ಮುಖ ನೋಡಿಯೇ ಗೊತ್ತಾಯಿತು. ಎಲ್ಲ ಸರಿ ಇತ್ತು. ನನ್ನ ಟೆಸ್ಟ್ ಅಂದರೆ ವೀರ್ಯ ಪರೀಕ್ಷೆ, ಒಂದು ಸಣ್ಣ ಡಬ್ಬಿ, ಕೆಲವು ನೂರು ರೂಪಾಯಿ, ನೋವಿಲ್ಲ. ಅದನ್ನು ಮಾಡಿಸಲು ನನಗೆ ಮೂರು ವರ್ಷ ಬೇಕಾಯಿತು.

ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಕಡೆ ಗಂಡಸಿನ ಸಮಸ್ಯೆಯೂ ಇರುತ್ತದೆ, ಒಂದೋ ಅದೊಂದೇ, ಇಲ್ಲ ಹೆಂಡತಿಯದ್ದರ ಜೊತೆಗೆ. ಆದರೆ ನಮ್ಮ ಭಾಷೆಯಲ್ಲಿ 'ಬಂಜೆ' ಅನ್ನುವ ಪದಕ್ಕೆ ಗಂಡಸಿನ ಜೋಡಿ ಪದವೇ ಇಲ್ಲ. ಇರುವ ಬೈಗುಳಗಳು ಬೇರೆ ವಿಷಯದ್ದು. ಹಾಸಿಗೆಯಲ್ಲಿ ಯಾವ ತೊಂದರೆ ಇಲ್ಲದವನಿಗೂ ವೀರ್ಯಾಣು ಕಮ್ಮಿ ಇರಬಹುದು, ಎರಡೂ ಬೇರೆ ಬೇರೆ. ಇದು ಗೊತ್ತಿಲ್ಲದ್ದಕ್ಕೇ ನಾವು ಗಂಡಸರು ಡಬ್ಬಿ ಕಂಡರೆ ಓಡುವುದು.

ತಮಾಷೆ ಅಂದರೆ ತೋಟದಲ್ಲಿ ನಾವು ಹೀಗಿಲ್ಲ. ರೊಬಸ್ಟಾ ಕಾಫಿ ಗಿಡ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬರಲೇಬೇಕು. ಕಾಯಿ ಕಮ್ಮಿಯಾದ ವರ್ಷ ಹೂಮಳೆ ಸರಿ ಬಂತಾ, ಜೇನು ಹಾರಾಡಿತಾ, ಗೊಬ್ಬರ ಹೇಗಿತ್ತು ಅಂತ ಎಲ್ಲವನ್ನೂ ಲೆಕ್ಕ ಹಾಕುತ್ತೇವೆ. ಗಿಡವನ್ನು ಬೈಯುವುದಿಲ್ಲ. ಮನೆಗೆ ಬಂದರೆ ಮಾತ್ರ ಲೆಕ್ಕ ಒಬ್ಬಳ ಮೇಲೆ.

ನನ್ನ ರಿಪೋರ್ಟ್‌ನಲ್ಲಿ ಒಂದು ಮಿಲಿಲೀಟರಿಗೆ 90 ಲಕ್ಷ ವೀರ್ಯಾಣು ಅಂತ ಬಂತು. ಕೇಳುವುದಕ್ಕೆ ಜಾಸ್ತಿ ಅನಿಸುತ್ತದೆ ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಮಿತಿ 1 ಕೋಟಿ 60 ಲಕ್ಷ. ಡಾಕ್ಟರ್ ಹೆದರಿಸಲಿಲ್ಲ, ಪುಡಿಯನ್ನೂ ಬರೆಯಲಿಲ್ಲ. ಒಂದು ವೀರ್ಯಾಣು ತಯಾರಾಗಲು ಹೆಚ್ಚುಕಮ್ಮಿ ಎರಡೂವರೆ ತಿಂಗಳು ಬೇಕು, ಇವತ್ತು ಬಿಟ್ಟ ಚಟದ ಫಲ ಮೂರು ತಿಂಗಳ ಮೇಲೆ ಕಾಣುತ್ತದೆ ಅಂದರು. ಮೂರು ತಿಂಗಳ ಗ್ಯಾರಂಟಿ ಅನ್ನುವ ಪುಡಿಯವರಿಗೂ ಈ ಲೆಕ್ಕ ಗೊತ್ತಿರಬೇಕು ಬಿಡಿ.

ಬಿಡಬೇಕಾದ್ದು ಬೇಕಾದಷ್ಟಿತ್ತು. ಸಿಗರೇಟು, ಮದುವೆ ಮನೆಗಳಲ್ಲಿ ಅಳತೆ ಇಲ್ಲದೆ ಕುಡಿಯುವುದು, ಮಳೆಗಾಲದಲ್ಲಿ ಚಳಿಯ ನೆಪದಲ್ಲಿ ದಿನಾ ಎರಡು ಪೆಗ್. ವೃಷಣಗಳಿಗೆ ಮೈಯ ಶಾಖಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಶಾಖ ಬೇಕು, ಅದಕ್ಕೇ ಅವು ಹೊರಗೆ ಇರುವುದು. ಬೆಂಗಳೂರಿನ ಕೆಲಸವನ್ನು ಊರಿನಿಂದ ಮಾಡುವ ಹುಡುಗರು ಲ್ಯಾಪ್‌ಟಾಪನ್ನು ಗಂಟೆಗಟ್ಟಲೆ ತೊಡೆ ಮೇಲೆ ಇಟ್ಟುಕೊಳ್ಳುವ ಬದಲು ಮೇಜಿನ ಮೇಲೆ ಇಡಲಿ. ಜಿಮ್ಮಿಗೆ ಹೋಗುವವರಿಗೆ ಇನ್ನೊಂದು ಮಾತು. ಗಂಡಸುತನ ಹೆಚ್ಚಿಸುತ್ತದೆ ಅಂತ ಹಾಕಿಸಿಕೊಳ್ಳುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ವೀರ್ಯಾಣು ತಯಾರಿಯನ್ನೇ ನಿಲ್ಲಿಸಿಬಿಡಬಹುದು. ತೋಳು ಉಬ್ಬುತ್ತದೆ, ಕೌಂಟ್ ಸೊನ್ನೆ.

ಬೆಳೆಗಾರನಾಗಿ ನನಗೆ ಜಾಸ್ತಿ ಕಾಡಿದ್ದು 'ಔಷಧಿ' ಹೊಡೆಯುವುದು. ವಿಷವನ್ನು ಔಷಧಿ ಅಂತ ಕರೆಯುವವರು ನಾವು. ಬರಿಗೈ, ಬರಿಮುಖ, ಹಳೇ ಲುಂಗಿ, ಬೆನ್ನಿಗೆ ಕ್ಯಾನು. ಪಕ್ಕದ ಕಾಸರಗೋಡಿನ ಎಂಡೋಸಲ್ಫಾನ್ ಕಥೆ ಗೊತ್ತಿದ್ದೂ ಹೀಗೆ. 1977ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಾರ್ಖಾನೆಯಲ್ಲಿ ಬೇರಿನ ಜಂತುಹುಳು ಕೊಲ್ಲುವ ಡಿಬಿಸಿಪಿ ಅನ್ನುವ ವಿಷ ತಯಾರಿಸುತ್ತಿದ್ದ ಗಂಡಸರು, ತಮಗೆ ಯಾರಿಗೂ ಮಕ್ಕಳಾಗುತ್ತಿಲ್ಲವಲ್ಲ ಅಂತ ಅವರವರೇ ಮಾತಾಡಿಕೊಂಡು ಟೆಸ್ಟ್ ಮಾಡಿಸಿದರು. ಎಷ್ಟೋ ಜನರಿಗೆ ವೀರ್ಯಾಣು ತೀರಾ ಕಮ್ಮಿ, ಕೆಲವರಿಗೆ ಇಲ್ಲವೇ ಇಲ್ಲ. ಮಾತಾಡಿಕೊಂಡಿದ್ದಕ್ಕೆ ಗೊತ್ತಾಯಿತು. ತೋಟದ ಕೆಲಸದವರು ಇರುವ ನಮ್ಮ ಲೈನ್ ಮನೆಗಳಲ್ಲಿ ಈ ಮಾತು ಯಾರು ಆಡುತ್ತಾರೆ? ಈಗ ನಾನೂ ನಮ್ಮ ಕೆಲಸದವರೂ ಗ್ಲೌಸು, ಮಾಸ್ಕು ಹಾಕದೆ ಕ್ಯಾನು ಮುಟ್ಟುವುದಿಲ್ಲ, ಆ ಬಟ್ಟೆ ಮನೆಯೊಳಗೆ ಬರುವುದಿಲ್ಲ.

ಇನ್ನು ಬಸಿರಾಗಬಲ್ಲ ದಿನಗಳ ಲೆಕ್ಕ. ಇದು ಖರ್ಚೇ ಇಲ್ಲದ್ದು, ಆದರೂ ಓದಿದವರಿಗೂ ಗೊತ್ತಿಲ್ಲ. ಮುಟ್ಟು ಶುರುವಾದ ದಿನದಿಂದ 14ನೇ ದಿನ ಅಂತ ಎಲ್ಲರೂ ಹೇಳುತ್ತಾರೆ, ಅದು 28 ದಿನಕ್ಕೆ ಮುಟ್ಟಾಗುವವರಿಗೆ. ಅಂಡಾಣು ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು, ಹಾಗಾಗಿ 34 ದಿನದ ಸುತ್ತಾದರೆ ಅದು 20ನೇ ದಿನದ ಹತ್ತಿರ. ಅಂಡಾಣು ಒಂದು ದಿನದ ಮೇಲೆ ಬದುಕುವುದಿಲ್ಲ, ವೀರ್ಯಾಣು ಒಳಗೆ ಐದು ದಿನದವರೆಗೆ ಇರಬಲ್ಲದು. ಅಂದರೆ ಆ ದಿನ ಮತ್ತು ಅದಕ್ಕೆ ಮುಂಚಿನ ಐದು ದಿನ. ಲೆಕ್ಕ ಕಷ್ಟ ಅನಿಸಿದರೆ ಎರಡು ಮೂರು ದಿನಕ್ಕೊಮ್ಮೆ ಸೇರಿದರೆ ಸಾಕು. ನಾನಾದರೆ ಕೊಯ್ಲು ಶುರುವಾದರೆ ಕಳ್ಳರ ಭಯಕ್ಕೆ ಕಾಫಿ ಕಣದಲ್ಲೇ ಮಲಗುತ್ತಿದ್ದೆ, ಡಿಸೆಂಬರಿನಿಂದ ಫೆಬ್ರವರಿವರೆಗೆ. ಕಾಫಿ ಒಣಗಿತು, ಮೂರು ತಿಂಗಳೂ ಹೋಯಿತು. ಇದನ್ನು ಡಾಕ್ಟರಿಗೆ ಹೇಳಿದಾಗ ಅವರು ನಗುವುದೋ ಬೈಯುವುದೋ ತಿಳಿಯದೆ ನೋಡಿದರು.

ಹೆಂಗಸರ ಕಡೆಯದ್ದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ಎರಡು ಮಾತು. ಪಿಸಿಒಡಿ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇದ್ದು ತೂಕ ಜಾಸ್ತಿ ಇದ್ದವರಿಗೆ ನೂರಕ್ಕೆ ಐದರಿಂದ ಹತ್ತರಷ್ಟು ತೂಕ ಇಳಿದರೂ ಮುಟ್ಟು ಸರಿಹೋಗುವುದುಂಟು, 70 ಕೆಜಿ ಇದ್ದರೆ ಮೂರೂವರೆಯಿಂದ ಏಳು ಕೆಜಿ ಅಷ್ಟೇ. ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ಮಾತ್ರೆ ಬಸಿರಾಗುವ ಮೊದಲೇ ಶುರುಮಾಡಬೇಕು, ಅದು ಮಗುವಿನ ಬೆನ್ನುಹುರಿಗೆ. ಕಾಫಿ ದಿನಕ್ಕೆ ಎರಡು ಲೋಟ ಸಾಕು. ಕೊಡಗಿನವನೇ ಹೀಗೆ ಬರೆಯಬೇಕಾಯಿತು, ಅದೂ ಅರೇಬಿಕಾಕ್ಕಿಂತ ಹತ್ತಿರ ಹತ್ತಿರ ಎರಡರಷ್ಟು ಕೆಫೀನ್ ಇರುವ ರೊಬಸ್ಟಾ ಬೆಳೆಯುವವನು!

ನಮ್ಮಲ್ಲಿ ಕಕ್ಕಡ (ಆಟಿ) ತಿಂಗಳ 18ಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ, ಆ ನೇರಳೆ ಬಣ್ಣ, ಆ ಪರಿಮಳ, ನಾನೂ ಎರಡು ಬಟ್ಟಲು ತಿನ್ನುತ್ತೇನೆ. ಮಕ್ಕಳಾಗಲಿ ಅಂತ ಅಲ್ಲ. ಮುಚ್ಚಿದ ಗರ್ಭನಾಳವನ್ನು ಯಾವ ಸೊಪ್ಪೂ ಯಾವ ಪುಡಿಯೂ ತೆರೆಯುವುದಿಲ್ಲ. ಒಂದು ವರ್ಷ ಪ್ರಯತ್ನಿಸಿ ಆಗದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ಇಬ್ಬರೂ ಒಟ್ಟಿಗೆ ಡಾಕ್ಟರ್ ಹತ್ತಿರ ಹೋಗಬೇಕು.

ಇನ್ನು ನಿಮ್ಮ ಜಾಹೀರಾತಿಗೆ ಬರುತ್ತೇನೆ. ಇಂಥ ಮದ್ದುಗಳ ಜಾಹೀರಾತು ತಡೆಯಲು 1954ರಿಂದಲೇ ಕಾನೂನಿದೆ. ಯಾವ ಯಾವ ಕಾಯಿಲೆಗೆ ಜಾಹೀರಾತು ಹಾಕಬಾರದು ಅಂತ ಅದರಲ್ಲಿ ಪಟ್ಟಿ ಇದೆ, ಬಂಜೆತನ ಆ ಪಟ್ಟಿಯಲ್ಲಿದೆ. ಅಲ್ಲೂ 'ಹೆಂಗಸರ ಬಂಜೆತನ' ಅಂತಲೇ ಬರೆದಿದ್ದಾರೆ! ಜಾಹೀರಾತು ವಿಭಾಗದವರು ಒಮ್ಮೆ ಆ ಪಟ್ಟಿ ನೋಡಲಿ.

ನಾಲ್ಕು ತಿಂಗಳ ನಂತರ ನನ್ನ ಕೌಂಟ್ 1 ಕೋಟಿ 70 ಲಕ್ಷಕ್ಕೆ ಬಂತು. ಇದು ಪೂರ್ತಿ ಸಿಗರೇಟು ಬಿಟ್ಟದ್ದರಿಂದ ಅಂತ ಎದೆ ತಟ್ಟಿ ಹೇಳಲಾರೆ, ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಕೌಂಟ್ ಏರಿಳಿಯುತ್ತದೆ, ಅದಕ್ಕೇ ಡಾಕ್ಟರ್ ಎರಡು ಸಲ ನೋಡುವುದು. ಆಮೇಲೆ ಮಗು ಆಯಿತಾ ಅಂತ ಕೇಳುತ್ತೀರಿ. ಅದನ್ನು ಬರೆಯುವುದಿಲ್ಲ. ಬರೆದರೆ ಇದೂ ಒಂದು ಜಾಹೀರಾತಾಗುತ್ತದೆ.

ಪತ್ರ ಉದ್ದವಾಯಿತು. ಕತ್ತರಿಸುವುದಾದರೆ ಕಾಫಿ ವಿಷಯ ಕತ್ತರಿಸಿ, ಡಬ್ಬಿ ವಿಷಯ ಉಳಿಸಿ. ಹೆಂಡತಿ ಓದಿ ಒಪ್ಪಿದ್ದಾಳೆ, ಹೆಸರು ಮಾತ್ರ ಬೇಡ ಅಂದಿದ್ದಾಳೆ.

— ಒಬ್ಬ ಕಾಫಿ ಬೆಳೆಗಾರ, ಸುಂಟಿಕೊಪ್ಪ